ಗೇಟಿನ ಕೊಳವೆ

ಥಿನ್ನರ್ ಆವಿ ಹೊರಗೆ ಹೋಗಕೂಡದೆಂದು ಕಾನೂನು ಬಂದಮೇಲೆ ನಮ್ಮ ಬಣ್ಣದ ಕಾರ್ಖಾನೆಯವರು ಶೆಡ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಸಂಜೆ ಮನೆಗೆ ಹೊರಡುವಾಗ ನಾವೂ ಗೇಟಿನಲ್ಲಿ ಕೊಳವೆಗೆ ಊದಬೇಕು. ನಮ್ಮ ಉಸಿರೂ ಕಾರ್ಖಾನೆಯ ಹೊಗೆಯೇ ಅಂತೆ. ಹಸಿರು ದೀಪ ಹತ್ತಿದರೆ ಮನೆ. ಕೆಂಪು ಹತ್ತಿದರೆ ಉಸಿರು ತಿಳಿಯಾಗುವವರೆಗೆ ಬೆಂಚು. ಆ ಬೆಂಚು ಇರುವುದೂ ಅದೇ ಶೆಡ್ಡಿನೊಳಗೆ.

ಇವತ್ತು ನನ್ನ ಮುಂದೆ ಹೊಸದಾಗಿ ಸೇರಿದ ನಗೀನಾ ಇದ್ದಳು. ಬಾಯಿಯ ವಾಸನೆ ಮುಚ್ಚಲೆಂದು ಲವಂಗ ಜಗಿದು ಬಂದಿದ್ದಳು. ಹೊಸಬರೆಲ್ಲ ಮಾಡುವ ತಪ್ಪು ಅದು. ಲವಂಗದ ಘಾಟನ್ನೂ ಕೊಳವೆ ಆವಿಯೆಂದೇ ಹಿಡಿಯುತ್ತದೆ. ದೀಪ ಕೆಂಪಾಯಿತು.

“ಮಗು ಹಾಲಿಗೆ ಅಳ್ತಿರತ್ತೆ, ಬಿಡಿ ಅಣ್ಣಾ,” ಎಂದಳು. ಅವಳ ರವಿಕೆ ಆಗಲೇ ಒದ್ದೆಯಾಗಿತ್ತು. ಕಾವಲಿನ ಚಿಕ್ಕೀರಯ್ಯ ತಲೆ ತಗ್ಗಿಸಿಕೊಂಡೇ ಬೆಂಚಿನ ಕಡೆ ಕೈ ತೋರಿಸಿದ.

ಗೇಟಿನಾಚೆ, ತಪಾಸಣೆಗೆ ಬಂದ ಸಾಹೇಬರು ಎಳನೀರು ಕುಡಿದು ಮುಗಿಸಿದರು. “ಗಾಳಿ ಎಷ್ಟು ಚೆನ್ನಾಗಿ ಇಟ್ಕೊಂಡಿದೀರ್ರೀ! ಪ್ರಶಸ್ತಿಗೆ ಬರೀತೀನಿ,” ಎಂದು ಮ್ಯಾನೇಜರಿಗೆ ಹೇಳಿ, ಎದೆ ತುಂಬ ಉಸಿರೆಳೆದು ತೇಗಿದರು.

ನನ್ನ ಸರದಿ ಬಂತು. ಕೊಳವೆಯನ್ನು ಪಕ್ಕಕ್ಕೆ ತಳ್ಳಿ, ಗೇಟಿನ ಸರಳುಗಳ ನಡುವೆ ಬಾಯಿಟ್ಟು, ಅವರ ಮುಖಕ್ಕೇ ಊದಿದೆ.

“ಥೂ! ಏನಮ್ಮಾ ಇದು, ಗಬ್ಬುವಾಸ್ನೆ!” ಸಾಹೇಬರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

“ಇದೇ ಕಾರ್ಖಾನೇದು ಸಾರ್,” ಅಂದೆ. “ಹೊರಕ್ಕೆ ಬಿಡಂಗಿಲ್ವಲ್ಲ, ಅದ್ಕೇ ನಮ್ಮೊಳಗೆ ತುಂಬವ್ರೆ.”