ನಾಲ್ಕು ಒಲೆಯ ಮನೆ

ಬಾರ್ಸಿಲೋನಾದಲ್ಲಿ ಎಲ್ಲಿ ಉಳಿಯಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಗಂಡ ಕೊನೆಗೂ ಸಮುದ್ರದ ಹತ್ತಿರ ಒಂದು ಮನೆ ಹಿಡಿದಿದ್ದ. ಬೀಗ ತೆಗೆದವನೇ ವನಜಾಕ್ಷಿಯನ್ನು ನೇರ ಅಡುಗೆಮನೆಗೆ ಕರೆದೊಯ್ದ.

"ನಾಲ್ಕು ಒಲೆ, ಇಷ್ಟು ದೊಡ್ಡ ಫ್ರಿಜ್ಜು! ಹೋಟೆಲ್ಲಲ್ಲಿ ಸಿಗ್ತಿತ್ತಾ? ಕುಕ್ಕರ್ ಹೇಗೂ ತಂದಿದೀವಿ. ಈಗ ಅನ್ನ, ತಿಳಿಸಾರು ಮಾಡ್ಬಿಡು. ರಾತ್ರಿಗೆ ಚಪಾತಿ ಸಾಕು."

"ಆಯ್ತು ರೀ. ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ, ತರ್ತೀನಿ," ಎಂದು ಅವಳು ಚೀಲ ಹಿಡಿದು ಹೊರಟಳು.

"ಬೇಗ ಬಾ. ಬೇಕಾದ್ರೆ ಅಕ್ಕಿ ನಾನೇ ತೊಳೆದಿಡ್ತೀನಿ."

ವನಜಾಕ್ಷಿ ರಸ್ತೆ ದಾಟಿ ಎದುರಿನ ಹೋಟೆಲ್ಲಿಗೆ ಹೋಗಿ ರೂಮು ಕೇಳಿದಳು.

"ಒಂದೇ ಖಾಲಿ ಇದೆ. ಚಿಕ್ಕದು, ಸಮುದ್ರ ಕಾಣಲ್ಲ," ಎಂದಳು ಕೌಂಟರಿನ ಹೆಂಗಸು ಸಂಕೋಚದಿಂದ. "ಅಡುಗೆಮನೆಯಂತೂ ಇಲ್ಲವೇ ಇಲ್ಲ."

ವನಜಾಕ್ಷಿ ಸೊಪ್ಪಿನ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಕೌಂಟರಿನ ಮೇಲಿಟ್ಟಳು.