ದಿಬ್ಬ ಹತ್ತಿದ ಮಣ್ಣು

ಮಣ್ಣು ತೆಗೆಯುವ ಕೊಳವೆ ಗೇಣುದ್ದ ಇಳಿದು ಠಣ್ಣೆಂದು ಕಲ್ಲಿಗೆ ಬಡಿಯಿತು. ಮಣ್ಣಿನ ಪರೀಕ್ಷಕಿ ಹತ್ತು ಹೆಜ್ಜೆ ಆಚೆ ಹೋಗಿ ಇಳಿಸಿದಳು, ಅಲ್ಲೂ ಕಲ್ಲೇ. ಗಣಿ ಮುಚ್ಚಿದ ಮೇಲೆ ಹೊಲದ ಮೇಲ್ಮಣ್ಣನ್ನು ಮೊದಲಿನಂತೆ ಮೂರಡಿ ತುಂಬಿ ಒಡತಿಗೆ ಒಪ್ಪಿಸಬೇಕೆಂದು ಕರಾರಾಗಿತ್ತು.

"ಹುಲ್ಲು ಬಂದಿದೆಯಲ್ಲ ಮೇಡಂ, ಸಹಿ ಹಾಕಿಬಿಡಿ," ಎಂದ ಗಣಿಯ ಮ್ಯಾನೇಜರ್. "ಮಿಕ್ಕಿದ ಮಣ್ಣು ಮಳೆಗೆ ಕೊಚ್ಚಿಕೊಂಡು ಹೋಯ್ತು. ನಾವೇನು ಮಾಡೋಕಾಗುತ್ತೆ?"

ಹೊಲದ ಒಡತಿ ಪಕ್ಕದ ದಿಬ್ಬ ಹತ್ತಿ, ಮೇಲಿದ್ದ ಗಣಿ ಕಚೇರಿಯ ಅಂಗಳಕ್ಕೆ ನುಗ್ಗಿದಳು. ಉಳಿದಿಬ್ಬರೂ ಹಿಂದೆಯೇ ಓಡಿದರು. ಅವಳು ಅಲ್ಲಿನ ಗುಲಾಬಿ ಗಿಡಗಳ ಮಡಿಯೊಳಗೆ ಮೊಣಕೈವರೆಗೂ ಕೈ ತೂರಿಸಿ, ಕಪ್ಪು ಮಣ್ಣನ್ನು ಬಾಚಿ ಅವನ ಮೂಗಿನ ಕೆಳಗೆ ಹಿಡಿದಳು. ಅದರ ತುಂಬ ಬಿಳಿ ಚಿಪ್ಪಿನ ಚೂರುಗಳು.

"ನಮ್ಮ ಮಾವ ವರ್ಷಾವರ್ಷ ಕೆರೆಗೋಡು ಹೊತ್ತು ಹೊಲಕ್ಕೆ ಹಾಕಿದ ಮಣ್ಣು ಇದು, ಈ ಚಿಪ್ಪೆಲ್ಲ ಕೆರೆಯ ಹೂಳಿಂದು. ಮಳೆ ಇದನ್ನ ದಿಬ್ಬ ಹತ್ತಿಸಿ ನಿನ್ನ ಗುಲಾಬಿಗೆ ಸುರೀತೇನೋ?"

"ಇದು ಕಚೇರಿ ಜಾಗ! ಮುಟ್ಟಬೇಡಿ!" ಮ್ಯಾನೇಜರ್ ಕೂಗಿದ.

ಪರೀಕ್ಷಕಿ ಮಾದರಿ ಚೀಲದ ಬಾಯಿ ಅಗಲಿಸಿ ಹಿಡಿದು, "ಹಾಕಿ ಅಕ್ಕಾ, ಇನ್ನೊಂದು ಹಿಡಿ ಹಾಕಿ," ಎಂದಳು. ಆಮೇಲೆ ಚೀಲದ ಚೀಟಿಯಲ್ಲಿ 'ಮಣ್ಣಿನ ಒಡೆಯರು' ಎಂದಿದ್ದ ಕಡೆ, ಕಾಗದ ಹರಿಯುವಷ್ಟು ಒತ್ತಿ, ಒಡತಿಯ ಹೆಸರು ಬರೆದಳು.