ಇನ್ನೊಂಚೂರು ನೀಲಿ

ಮಗಳ ಜಡೆ ಅರ್ಧ ಹೆಣೆದಿರುವಾಗಲೇ ಪ್ರೆಸ್ಸಿನವರ ಫೋನು ಬಂತು. "ಅಕ್ಕಾ, ನೀವು ಮಾಡಿದ ಮುಖಪುಟ ಮತ್ತೆ ನೀಲಿ ನೀಲಿಯಾಗಿ ಬಂದಿದೆ."

"ಸ್ಕ್ರೀನು ಹಳದಿ ತೋರಿಸ್ತಿತ್ತು ಅಣ್ಣಾ, ಅದಕ್ಕೇ ನೀಲಿ ಜಾಸ್ತಿ ಮಾಡ್ದೆ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ! ಇನ್ನೊಂದ್ಸಲ ತಪ್ಪಿದ್ರೆ ಕೆಲಸ ಬೇರೆಯವರಿಗೆ ಕೊಡ್ಬೇಕಾಗುತ್ತೆ ನೋಡಿ."

ಅಮ್ಮ ಬಾಚಣಿಗೆ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪಿನ ಬಣ್ಣ ಸರಿಮಾಡಲು ಕೂತಳು. ಬಿಳಿ ಇರಬೇಕಾದ ಜಾಗವೆಲ್ಲ ಹಳೇ ಪತ್ರಿಕೆಯಂತೆ ಹಳದಿಯಾಗಿತ್ತು. ನಿಟ್ಟುಸಿರಿಟ್ಟು ಪರದೆಗೆ ಇನ್ನೊಂಚೂರು ನೀಲಿ ಸೇರಿಸಿದಳು, ಮತ್ತೊಂಚೂರು. "ಈ ಡಬ್ಬಾಗೆ ವಯಸ್ಸಾಯ್ತು ಕಣೇ. ಒಂದು ಬಿಳಿ ಹಾಳೆ ತಾ, ಪಕ್ಕದಲ್ಲಿಟ್ಟು ನೋಡೋಣ."

ಮಗಳು ಅರ್ಧ ಜಡೆಯಲ್ಲೇ ಓಡಿಹೋಗಿ ತಂದಳು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಹಳೇದು ಯಾಕೆ ತಂದೆ ಪುಟ್ಟಿ? ಹೊಸದು ತಾರೇ."

"ಹೊಸದೇ ಅಮ್ಮಾ. ಈಗ ತಾನೇ ಕಟ್ಟು ಒಡೆದೆ."

ಅಮ್ಮ ಹಾಳೆಯನ್ನು ತಿರುಗಿಸಿ ನೋಡಿದಳು. ಆ ಬದಿಯೂ ಹಳದಿಯೇ. ಮಗಳು ಆಕಾಶದಷ್ಟು ನೀಲಿಯಾಗಿದ್ದ ಪರದೆಯನ್ನು ನೋಡಿದಳು, ಆಮೇಲೆ ಅಮ್ಮನ ಮುಖವನ್ನು. ಎಷ್ಟೋ ದಿನದಿಂದ ನಾಲಿಗೆ ತುದಿಗೆ ಬಂದರೂ ನುಂಗಿಕೊಂಡಿದ್ದ ಮಾತನ್ನು ಮೆಲ್ಲಗೆ ಕೇಳಿದಳು:

"ಅಮ್ಮಾ, ನಿಂಗೆ ಕಣ್ಣು ಸರಿಯಾಗಿ ಕಾಣ್ತಿಲ್ವಾ?"